ಸೀಸದ ಗುಂಡುಗಳ ತೂಕ

ಹದಿನೆಂಟು ವರ್ಷಗಳಿಂದ ನಾನು ಕಾಲೇಜಿನಲ್ಲಿ ‘ಪ್ರಸಿದ್ಧ ಭೌತವಿಜ್ಞಾನಿಗಳು ಮತ್ತು ಅವರ ಕೊಡುಗೆಗಳು’ ಎಂಬ ಪತ್ರಿಕೆಯನ್ನು ಪಾಠ ಮಾಡುತ್ತಿದ್ದೇನೆ. ಹೆಸರು ಕೇಳಿದರೇ ಆಕಳಿಕೆ ಬರಬೇಕು. ಆದರೂ ನನ್ನ ತರಗತಿಯಲ್ಲಿ ಬೆಂಚು ಖಾಲಿ ಇರುವುದಿಲ್ಲ. ಬೇರೆಯವರು ಕೊಡುಗೆಯನ್ನು ಪಾಠ ಮಾಡುತ್ತಾರೆ, ನಾನು ಹೊಟ್ಟೆಕಿಚ್ಚನ್ನು ಪಾಠ ಮಾಡುತ್ತೇನೆ. ನ್ಯೂಟನ್ ಗುರುತ್ವದ ನಿಯಮ ಬರೆದದ್ದು ಎಲ್ಲರಿಗೂ ಗೊತ್ತು. ಆ ನಿಯಮದ ಬೀಜ ನನ್ನದು ಎಂದು ಹುಕ್ ತಕರಾರು ತೆಗೆದಾಗ, ಪುಸ್ತಕದ ಮೂರನೇ ಭಾಗವನ್ನು ಹೊರಗೆ ಬಿಡುವುದೇ ಇಲ್ಲ ಎಂದು ನ್ಯೂಟನ್ ಹಟ ಹಿಡಿದದ್ದು ಎಷ್ಟು ಜನಕ್ಕೆ ಗೊತ್ತು? ಬೆಳಕಿನ ಬಗ್ಗೆ ಬರೆದ ಪುಸ್ತಕವನ್ನಂತೂ ಹುಕ್ ಸತ್ತ ಮರುವರ್ಷವೇ ಅಚ್ಚು ಹಾಕಿಸಿದ. ರಾಂಟ್ಜನ್ ಎಕ್ಸ್-ಕಿರಣ ಕಂಡುಹಿಡಿದದ್ದನ್ನು ಲೆನಾರ್ಡ್ ಸಾಯುವವರೆಗೂ ಕ್ಷಮಿಸಲಿಲ್ಲ. ಮಧ್ಯೆ ಅವನಿಗೂ ನೊಬೆಲ್ ಬಂತು, ಹೊಟ್ಟೆ ತಣ್ಣಗಾಗಲಿಲ್ಲ. ಇದನ್ನೆಲ್ಲ ಹೇಳುವಾಗ ಹುಡುಗರು ನಗುತ್ತಾರೆ. ನನಗೂ ಒಳಗೊಳಗೇ ಸಮಾಧಾನ. ಅಷ್ಟು ದೊಡ್ಡ ತಲೆಗಳನ್ನೇ ಬಿಡದ ರೋಗ ನನ್ನನ್ನು ಬಿಡುತ್ತದೆಯೇ?

ನನ್ನ ರೋಗಕ್ಕೆ ಕಾರಣ ನನ್ನ ಹೆಂಡತಿ.

ಅವಳೂ ಅದೇ ವಿಭಾಗದಲ್ಲಿ ಅಧ್ಯಾಪಕಿ. ಓದುವಾಗ ನನಗಿಂತ ಎರಡು ವರ್ಷ ಕೆಳಗಿನ ತರಗತಿಯವಳು. ತಕ್ಕಡಿಯನ್ನು ಮಟ್ಟಕ್ಕೆ ನಿಲ್ಲಿಸುವುದು ಹೇಗೆ, ಉಸಿರು ತಾಗದಂತೆ ಮುಖ ತಿರುಗಿಸಿ ಮುಳ್ಳನ್ನು ಓದುವುದು ಹೇಗೆ ಎಂದು ಅವಳಿಗೆ ಕಲಿಸಿದವನು ನಾನು. ಆಗಿನ ‘ನೀವು’ ಮದುವೆಯಾದ ಮೇಲೂ ಹಾಗೇ ಉಳಿಯಿತು. ಕಲಿಸಿದವನಿಗೆ ಕಲಿತವಳ ಮೇಲೆ ಹೆಮ್ಮೆ ಇರಬೇಕು ಎನ್ನುತ್ತಾರೆ. ಇತ್ತು, ಅವಳು ನನ್ನಷ್ಟೇ ತಿಳಿದವಳಾಗುವವರೆಗೆ ಇತ್ತು. ಅಲ್ಲಿಂದ ಅವಳು ಒಂದು ಮೆಟ್ಟಿಲು ಮೇಲೆ ಹತ್ತಿದಳು, ನನ್ನ ಹೆಮ್ಮೆ ಕೆಳಗೇ ನಿಂತುಬಿಟ್ಟಿತು.

ಕಾಲೇಜಿನ ನೆಲಮಾಳಿಗೆಯಲ್ಲಿ ಎರಡು ಕೋಣೆಗಳಿದ್ದವು. ಮುರಿದ ಕುರ್ಚಿಗಳನ್ನು ತುಂಬಿದ್ದ ಅವನ್ನು ಅವಳು ಕೇಳಿ ತೆಗೆದುಕೊಂಡು, ತಾನೇ ಗುಡಿಸಿ, ಸುಣ್ಣ ಬಳಿಸಿ, ಒಳಕೋಣೆಯಲ್ಲಿ ಒಂದು ಯಂತ್ರ ಕಟ್ಟಿದಳು. ಕೂದಲಿಗಿಂತ ತೆಳುವಾದ ತಂತಿಯಿಂದ ಒಂದು ಕಡ್ಡಿ ಅಡ್ಡಲಾಗಿ ತೂಗುತ್ತದೆ. ಕಡ್ಡಿಯ ಎರಡು ತುದಿಗೆ ಎರಡು ಪುಟ್ಟ ಗುಂಡು. ಹತ್ತಿರಕ್ಕೆ ಎರಡು ದೊಡ್ಡ ಸೀಸದ ಗುಂಡುಗಳನ್ನು ತಂದರೆ ಪುಟ್ಟವು ಅವುಗಳ ಕಡೆಗೆ ಎಳೆಯಲ್ಪಟ್ಟು ತಂತಿ ಒಂದಿಷ್ಟೇ ಇಷ್ಟು ತಿರುಚಿಕೊಳ್ಳುತ್ತದೆ. ಆ ತಿರುಚನ್ನು ಅಳೆದರೆ ಗುರುತ್ವದ ಸ್ಥಿರಾಂಕ ಸಿಗುತ್ತದೆ, ಅದರಿಂದ ಭೂಮಿಯ ತೂಕ ಸಿಗುತ್ತದೆ. ಇದನ್ನು ಮೊದಲು ಯೋಚಿಸಿದವನು ಮಿಚೆಲ್. ಯಂತ್ರ ಕಟ್ಟಿ, ಬಳಸುವ ಮೊದಲೇ ಸತ್ತ. ಅದನ್ನು ತರಿಸಿಕೊಂಡು ಹೊಸದಾಗಿ ಕಟ್ಟಿ ಅಳೆದವನು ಕ್ಯಾವೆಂಡಿಷ್. ಅವನು ಯಂತ್ರ ಇದ್ದ ಕೋಣೆಯೊಳಗೆ ಕಾಲಿಡದೆ ಗೋಡೆಯ ಹೊರಗಿನಿಂದ ದೂರದರ್ಶಕ ಹಿಡಿದು ಓದುತ್ತಿದ್ದ. ಮನುಷ್ಯನ ಮೈಯ ಬಿಸಿಗೇ ಕೋಣೆಯ ಗಾಳಿ ಕದಲಿ ಕಡ್ಡಿ ಅಲುಗುತ್ತದೆ ಎಂದು ಅವನಿಗೆ ಗೊತ್ತಿತ್ತು. ಇದನ್ನು ನಾನು ಪ್ರತಿವರ್ಷ ಪಾಠ ಮಾಡುತ್ತೇನೆ. ಐದು ಅಂಕದ ಪ್ರಶ್ನೆ.

ನಮ್ಮ ಮನೆಗೆ ಈ ಸುದ್ದಿ ಮುಟ್ಟಿದಾಗ ನನ್ನ ಅಮ್ಮ ಕೇಳಿದ್ದಳು.

“ನಿನ್ನ ಹೆಂಡ್ತಿ ಭೂಮೀನ ತೂಕ ಮಾಡ್ತಾಳಂತಲ್ಲೋ. ಯಾಕೆ, ಮಾರ್ತಾಳಾ?”

ನಾನು ಬೇಕಾದ್ದಕ್ಕಿಂತ ಸ್ವಲ್ಪ ಜಾಸ್ತಿಯೇ ನಕ್ಕೆ.

ನನ್ನ ಹೆಂಡತಿ ಕೆಲಸ ಶುರುಮಾಡುವ ಮುಂಚೆ ಒಂದು ನಿಯಮ ಹಾಕಿಕೊಂಡಳು. ಗುರುತ್ವದ ಸ್ಥಿರಾಂಕ ಎಷ್ಟೆಂದು ಪುಸ್ತಕಗಳಲ್ಲೇ ಇದೆ. ಉತ್ತರ ಮೊದಲೇ ಗೊತ್ತಿದ್ದರೆ ಅಳೆಯುವವರ ಕೈ ತಿಳಿಯದೆ ಆ ಕಡೆ ವಾಲುತ್ತದೆ. ಎಲೆಕ್ಟ್ರಾನಿನ ವಿದ್ಯುದಂಶವನ್ನು ಮಿಲಿಕನ್ ಎಣ್ಣೆಯ ಹನಿಗಳಿಂದ ಅಳೆದಾಗ ಅವನ ಉತ್ತರ ತುಸು ಕಡಿಮೆ ಬಂದಿತ್ತು. ಆಮೇಲೆ ಅಳೆದವರು ಒಂದೇ ಸಲಕ್ಕೆ ಸರಿಯಾದ ಸಂಖ್ಯೆಗೆ ಬರಲಿಲ್ಲವಂತೆ. ದೊಡ್ಡವರ ಮಾತು ಮೀರಲು ಹೆದರಿ, ಒಬ್ಬರಾದ ಮೇಲೊಬ್ಬರು ಸ್ವಲ್ಪ ಸ್ವಲ್ಪವೇ ಮೇಲಕ್ಕೆ ಹತ್ತಿದರಂತೆ. ಈ ಕಥೆಯನ್ನೂ ಅವಳಿಗೆ ಹೇಳಿದವನು ನಾನೇ. ಅವಳು ಕಥೆ ಕೇಳಿ ನಕ್ಕು ಸುಮ್ಮನಾಗದೆ ಅದಕ್ಕೊಂದು ಉಪಾಯ ಹುಡುಕಿದಳು. ದೊಡ್ಡ ಗುಂಡುಗಳ ತೂಕ ತನಗೇ ಗೊತ್ತಿರಬಾರದು. ಗಾತ್ರ ನೋಡಿ ತೂಕ ಊಹಿಸಲಾಗದಂತೆ ಸೀಸಕ್ಕೆ ಎಷ್ಟೋ ತವರ ಬೆರೆಸಿ ಬೇರೊಬ್ಬರು ಎರಕ ಹೊಯ್ಯಿಸಬೇಕು, ತೂಗಬೇಕು, ತೂಕವನ್ನು ಲಕೋಟೆಯಲ್ಲಿಟ್ಟು ಅರಗು ಹಾಕಿ ವಿಭಾಗದ ಮುಖ್ಯಸ್ಥರ ಬೀರುವಿನಲ್ಲಿಡಬೇಕು. ಅಳತೆ, ತಿದ್ದುಪಡಿ, ಲೆಕ್ಕ ಎಲ್ಲ ಮುಗಿದ ಮೇಲೆ ಎಲ್ಲರೆದುರು ಲಕೋಟೆ ಒಡೆಯಬೇಕು. ಒಡೆದ ಮೇಲೆ ಒಂದು ಅಂಕಿಯನ್ನೂ ಮುಟ್ಟುವಂತಿಲ್ಲ. ಬಂದದ್ದೇ ಉತ್ತರ.

“ತೂಗೋರು ಯಾರು?” ಎಂದು ಮುಖ್ಯಸ್ಥರು ಕೇಳಿದರು.

“ನಮ್ಮ ಮನೆಯವರು. ಅವರಷ್ಟು ಸೂಕ್ಷ್ಮವಾಗಿ ತೂಗೋರು ಇನ್ಯಾರಿದಾರೆ ಸರ್,” ಎಂದಳು.

ಹೀಗೆ ಬೆಕ್ಕಿನ ಕೈಗೆ ಹಾಲಿನ ಪಾತ್ರೆ ಬಂತು. ವರ್ಕ್‌ಶಾಪಿನ ಮೇಸ್ತ್ರಿ ಎರಕ ಹೊಯ್ದ. ನಾನು ಒಬ್ಬನೇ ಬಾಗಿಲು ಹಾಕಿಕೊಂಡು ತೂಗಿದೆ. ಲಕೋಟೆಗೆ ಅರಗು ಹಾಕಿದೆ. ಸಂಖ್ಯೆ ತಲೆಯಲ್ಲಿ ಉಳಿಯಿತು. ತಲೆಗೆ ಅರಗು ಹಾಕುವ ಉಪಾಯ ಯಾವ ಪುಸ್ತಕದಲ್ಲೂ ಇಲ್ಲ.

ಯಂತ್ರ ಓಡತೊಡಗಿತು. ಕಡ್ಡಿಯ ಮೇಲಿನ ಕನ್ನಡಿಯಿಂದ ಹೊರಟ ಬೆಳಕು ಗೋಡೆಯ ಸಣ್ಣ ಕಿಂಡಿ ಹಾಯ್ದು ಹೊರಕೋಣೆಯ ಅಳತೆಪಟ್ಟಿಯ ಮೇಲೆ ಬೀಳುತ್ತಿತ್ತು. ಒಂದು ಕ್ಯಾಮೆರಾ ನಿಮಿಷಕ್ಕೊಮ್ಮೆ ಅದರ ಚಿತ್ರ ತೆಗೆಯುತ್ತಿತ್ತು. ನನ್ನ ಹೆಂಡತಿ ಬೆಳಿಗ್ಗೆ ಎಲ್ಲರಿಗಿಂತ ಮೊದಲೇ ಬಂದು ಹಿಂದಿನ ದಿನದ ಅಂಕಿಗಳನ್ನು ದಪ್ಪ ರಟ್ಟಿನ ಪುಸ್ತಕಕ್ಕೆ ಇಳಿಸುತ್ತಿದ್ದಳು. ಹೊರಕೋಣೆಗೆ ಹುಡುಗರು ಬಂದು ಹೋಗುತ್ತಿದ್ದರಿಂದ ಪುಸ್ತಕವನ್ನು ಒಳಕೋಣೆಯ ಗೂಡಿನಲ್ಲಿಟ್ಟು ಬೀಗ ಹಾಕುತ್ತಿದ್ದಳು. ತಾನು ಒಳಗೆ ಹೋಗಿ ಬಂದ ಆ ಹೊತ್ತಿನ ಅಂಕಿಗಳನ್ನು ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ. ಅಲ್ಲಿಂದ ಮಾರನೇ ಬೆಳಿಗ್ಗೆಯವರೆಗೆ ಯಾರೂ ಒಳಗೆ ಹೋಗುವಂತಿಲ್ಲ. ಆ ಬೀಗಕ್ಕೆ ಎರಡು ಕೀಲಿಕೈ. ಒಂದು ಅವಳ ಹತ್ತಿರ. ನೀರಿನ ಪೈಪು ಒಡೆದರೆ, ಬೆಂಕಿ ಬಿದ್ದರೆ ಇರಲಿ ಎಂದು ಇನ್ನೊಂದು ನನ್ನ ಹತ್ತಿರ.

ಮಂಗಳವಾರ ಮತ್ತು ಶುಕ್ರವಾರ ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ಅವಳಿಗೆ ಮೇಲಿನ ಮಹಡಿಯಲ್ಲಿ ಪ್ರಾಯೋಗಿಕ ತರಗತಿ. ಮೊದಲ ಸಲ ಒಳಗೆ ಹೋದಾಗ ಪೈಪು ನೋಡಲು ಹೋದೆ ಎಂದು ನನಗೆ ನಾನೇ ಹೇಳಿಕೊಂಡೆ. ಎರಡನೇ ಸಲ ಆ ಸುಳ್ಳನ್ನೂ ಹೇಳಿಕೊಳ್ಳಲಿಲ್ಲ. ಗೂಡಿನಿಂದ ಪುಸ್ತಕ ತೆಗೆದು, ಯಂತ್ರದ ಪಕ್ಕದಲ್ಲೇ ನಿಂತು ಅಂಕಿಗಳನ್ನು ಚೀಟಿಗೆ ಬರೆದುಕೊಂಡು, ನನ್ನ ಕೋಣೆಗೆ ಹೋಗಿ ಲೆಕ್ಕ ಹಾಕಿದೆ. ಸೋಲಲಿ ಎಂದು ಹಾರೈಸಿದೆ ಎಂದರೆ ತಪ್ಪಾಗುತ್ತದೆ. ತೀರಾ ಚೆನ್ನಾಗಿ ಗೆಲ್ಲದಿರಲಿ ಎಂದಷ್ಟೇ ಆಸೆಯಿತ್ತು.

ಮೊದಲ ತಿಂಗಳ ಸರಾಸರಿ ಪುಸ್ತಕದ ಸಂಖ್ಯೆಗೆ ಬಹಳ ಹತ್ತಿರವಿತ್ತು. ಎರಡನೇ ತಿಂಗಳು ಇನ್ನೂ ಹತ್ತಿರ. ನೆಲಮಾಳಿಗೆಯಲ್ಲಿ, ಹಳೇ ಕುರ್ಚಿಯ ಕಾಲುಗಳಿಂದ ಚೌಕಟ್ಟು ಮಾಡಿಕೊಂಡು, ದೊಡ್ಡ ದೊಡ್ಡ ಸಂಸ್ಥೆಗಳವರು ಪರದಾಡುವ ಅಳತೆಯನ್ನು ನನ್ನ ಹೆಂಡತಿ ಮನೆಯ ಲೆಕ್ಕ ಬರೆದಷ್ಟು ಅಚ್ಚುಕಟ್ಟಾಗಿ ಮಾಡುತ್ತಿದ್ದಳು. ನನ್ನ ಹೊಟ್ಟೆಯಲ್ಲಿ ಕೆಂಡ ಬಿತ್ತು. ಅವತ್ತು ಮನೆಗೆ ಹೋಗಿ ಸಾರಿಗೆ ಉಪ್ಪು ಜಾಸ್ತಿ ಎಂದು ಜಗಳ ತೆಗೆದೆ. ಸಾರು ಮಾಡಿದ್ದು ಅಮ್ಮ.

ಹೊಟ್ಟೆ ಉರಿಯಲು ಇನ್ನೊಂದು ಕಾರಣವೂ ಇತ್ತು. ಕಾಲೇಜಿಗೆ ಹೊಸದಾಗಿ ಸೂಕ್ಷ್ಮ ಅಳತೆಗಳ ಪ್ರಯೋಗಾಲಯ ಬರುವುದಿತ್ತು. ಅದಕ್ಕೆ ಮುಖ್ಯಸ್ಥರ ಹುದ್ದೆ ಒಂದೇ. ಹನ್ನೆರಡು ವರ್ಷದಿಂದ ನಾನು ಅಂಥದೊಂದು ಕುರ್ಚಿಗಾಗಿ ಕಾದಿದ್ದೆ. ಈಗ ಮೊಗಸಾಲೆಯಲ್ಲಿ ಸಿಕ್ಕಿದವರೆಲ್ಲ, “ಮೇಡಂ ಅವರ ಲಕೋಟೆ ಯಾವಾಗ ಒಡೀತೀರಿ ಸರ್?” ಎಂದು ಕೇಳುತ್ತಿದ್ದರು. ನನ್ನ ಕೈಬರಹ ಇರುವ ಲಕೋಟೆ ಮೇಡಂ ಅವರದಾಗಿಬಿಟ್ಟಿತ್ತು.

ನಾಲ್ಕನೇ ತಿಂಗಳಲ್ಲಿ ಒಂದು ಸಂಜೆ ಅವಳು ಊಟದ ಮೇಜಿನ ಮೇಲೆ ಕಾಗದ ಹರಡಿದಳು.

“ರೀ, ಇದನ್ನ ನೋಡಿ. ಮಂಗಳವಾರ, ಶುಕ್ರವಾರ ಮಧ್ಯಾಹ್ನ ಮಾತ್ರ ಬೆಳಕು ಪಕ್ಕಕ್ಕೆ ಸರೀತಾ ಇದೆ. ಎರಡು ಗಂಟೆ ಹೊತ್ತು ಹಾಗೇ ಇದ್ದು ಮತ್ತೆ ಸರಿಹೋಗತ್ತೆ. ಬೇರೆ ದಿನ ಇಲ್ಲ.”

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರಲ್ಲ. ನನ್ನ ಕೈ ನನಗರಿವಿಲ್ಲದೆ ಜೇಬಿನ ಕೀಲಿಕೈ ಮುಟ್ಟಿ ಬಂತು. ಹದಿನೆಂಟು ವರ್ಷ ಪಾಠ ಮಾಡಿದ ಐದು ಅಂಕದ ಪ್ರಶ್ನೆ ನನ್ನ ಮುಂದೆ ಕೂತಿತ್ತು. ಚೀಟಿ ಹಿಡಿದು ಯಂತ್ರದ ಪಕ್ಕ ಹತ್ತು ನಿಮಿಷ ನಿಲ್ಲುತ್ತಿದ್ದವನ ಮೈ ಬಿಸಿ ಆ ತಂತಿಗೆ ಗೊತ್ತಾಗಿತ್ತು; ಮುಚ್ಚಿದ ಕೋಣೆಯಲ್ಲಿ ಆ ಬಿಸಿ ಆರಲು ಎರಡು ಗಂಟೆ ಬೇಕಾಗುತ್ತಿತ್ತು. ಲೆಕ್ಕ ಹಾಕುವ ಆತುರದಲ್ಲಿ ನನಗೇ ಗೊತ್ತಾಗಿರಲಿಲ್ಲ.

“ಆ ದಿನ ಆ ಹೊತ್ತಲ್ಲಿ ಏನು ನಡೆಯತ್ತೆ?” ಎಂದೆ. ದನಿ ಮಾಮೂಲಾಗಿಯೇ ಬಂತು.

“ನನ್ನ ಕ್ಲಾಸೇ ನಡೆಯತ್ತೆ. ಸರಿಯಾಗಿ ಯಂತ್ರದ ಮೇಲಿನ ಕೋಣೆ. ಮೂವತ್ತೊಂದು ಜನ ಹುಡುಗರು. ಅವರ ಭಾರಕ್ಕೆ ನೆಲ ಬಾಗಿ, ಗೋಡೆ ಓರೆಯಾಗಿ, ತಂತಿ ಕಟ್ಟಿರೋ ಕೊಂಡಿ ವಾಲ್ತಾ ಇದೆಯೇನೋ.”

“ಇರಬಹುದು,” ಎಂದೆ. ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ.

ಅವಳು ಸುಮ್ಮನೆ ನಂಬುವವಳಲ್ಲ. ಪರೀಕ್ಷೆ ಮಾಡಲು ತರಗತಿಯನ್ನು ಸೋಮವಾರ, ಗುರುವಾರಕ್ಕೆ ಬದಲಾಯಿಸಿದಳು. ನಾನು ಎರಡು ವಾರ ಒಳಗೆ ಹೋಗದೆ ಇದ್ದಿದ್ದರೆ ಅವಳ ಊಹೆ ಅಲ್ಲಿಗೇ ಸಾಯುತ್ತಿತ್ತು. ಆದರೆ ಹೊಸ ಅಂಕಿ ನೋಡದೆ ಇರಲು ನನ್ನಿಂದಾಗಲಿಲ್ಲ. ಅವಳಿಗೆ ತರಗತಿ ಇರುವ ಹೊತ್ತೇ ನನಗೆ ಬಿಡುವು ಸಿಗುವ ಹೊತ್ತು. ಬೆಳಕು ಸೋಮವಾರ, ಗುರುವಾರಕ್ಕೆ ಸರಿಯಿತು. ಅವಳ ಊಹೆಗೆ ಸಾಕ್ಷಿ ಸಿಕ್ಕಿತು.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ. ಅವಳು ಮೇಸ್ತ್ರಿಯ ವರ್ಕ್‌ಶಾಪಿನ ತೂಕದ ಯಂತ್ರವನ್ನು ಮೇಲಕ್ಕೆ ಹೊರಿಸಿ ಮೂವತ್ತೊಂದು ಹುಡುಗರನ್ನೂ ಸಾಲಾಗಿ ನಿಲ್ಲಿಸಿ ತೂಗಿಸಿದಳು, ಚಪ್ಪಲಿ ಸಮೇತ. ಒಬ್ಬ ದಪ್ಪ ಹುಡುಗನನ್ನು ಉಳಿದವರು ‘ಭೂಮಿ’ ಎಂದು ಕರೆಯತೊಡಗಿದರು. ಅವನು ನನ್ನ ತರಗತಿಯಲ್ಲಿ ಮುಂದಿನ ಬೆಂಚಿನಲ್ಲಿ ಕೂರುವವನು. ಒಂದು ವಾರ ಹಿಂದಿನ ಬೆಂಚಿಗೆ ಹೋಗಿ ಕೂತ.

ಲಕೋಟೆ ಒಡೆಯುವ ದಿನ ಗೊತ್ತಾಯಿತು. ಹೊರಗಿನಿಂದ ಮೂವರು ತಜ್ಞರು ಬರುತ್ತಾರೆ, ಉತ್ತರ ಒಳ್ಳೆಯದಿದ್ದರೆ ಹೊಸ ಪ್ರಯೋಗಾಲಯ ಅವಳಿಗೇ ಎಂದು ಮುಖ್ಯಸ್ಥರು ಬಾಯಿ ಬಿಟ್ಟೇ ಹೇಳಿದ್ದರು. ಅದಕ್ಕೆ ನಾಲ್ಕು ದಿನ ಮುಂಚೆ ಅವಳು ತಿದ್ದುಪಡಿಯ ಲೆಕ್ಕವನ್ನು ನನ್ನ ಕೈಗೆ ಕೊಟ್ಟಳು. ಮೇಲಿನ ಕೋಣೆಯಲ್ಲಿ ಯಾವ ಗಂಟೆಯಲ್ಲಿ ಎಷ್ಟು ತಲೆ ಇದ್ದವು ಎಂದು, ಬೇರೆಯವರ ಸಣ್ಣ ತರಗತಿಗಳನ್ನೂ ಸೇರಿಸಿ, ಐದು ತಿಂಗಳ ಹಾಜರಿ ತೆಗೆದು, ತಲೆಗಿಷ್ಟು ಎಂದು ಪ್ರತಿಯೊಂದು ಅಂಕಿಯಿಂದಲೂ ಕಳೆದಿದ್ದಳು.

“ಕೂಡಿದ್ದು ಕಳೆದದ್ದು ಒಂದ್ಸಲ ನೋಡಿಬಿಡಿ. ಕ್ಯಾವೆಂಡಿಷ್ ಕೂಡ ಸರಾಸರಿ ತೆಗೆಯೋವಾಗ ಎಡವಿದ್ದ ಅಂತ ನೀವೇ ಹೇಳಿದ್ರಲ್ಲ,” ಎಂದಳು.

ಕೋಣೆಗೆ ಹೋಗಿ ಮೊದಲು ಮಾಡಿದ ಕೆಲಸ, ನನ್ನ ತಲೆಯ ಸಂಖ್ಯೆಯನ್ನು ಅದಕ್ಕೆ ಜೋಡಿಸಿ ಉತ್ತರ ತೆಗೆದದ್ದು. ನೂರಕ್ಕೆ ಒಂದಕ್ಕಿಂತ ಹೆಚ್ಚು ತಪ್ಪಿತ್ತು. ತಿದ್ದುಪಡಿ ಇಲ್ಲದಿದ್ದರೆ ಚಿನ್ನದಂಥ ಉತ್ತರ, ಇದ್ದರೆ ಮೂವರು ತಜ್ಞರು ಒಬ್ಬರ ಮುಖ ಒಬ್ಬರು ನೋಡಿಕೊಳ್ಳುವಂಥ ಉತ್ತರ. ನಿಜ ಹೇಳುತ್ತೇನೆ, ಖುಷಿಯಾಯಿತು. ಹಾಲು ಕುಡಿದಷ್ಟು ಖುಷಿ. ನಾನೇನೂ ಮಾಡಬೇಕಾಗಿರಲಿಲ್ಲ. ‘ಲೆಕ್ಕ ಸರಿ ಇದೆ’ ಎಂದು ಬರೆದು ಸಹಿ ಹಾಕಿದರೆ ಸಾಕಿತ್ತು. ಲೆಕ್ಕ ಸರಿಯೇ ಇತ್ತು.

ಪುಟ ಪುಟ ನೋಡುತ್ತ ಹೋದೆ. ಒಂದು ಚಿತ್ತಿಲ್ಲ, ಒಂದು ಕಾಟಿಲ್ಲ. ‘ಭೂಮಿ’ ಗೈರುಹಾಜರಾದ ಒಂದು ಸೋಮವಾರ ಅವನ ಭಾರವನ್ನು ಮಾತ್ರ ಬಿಟ್ಟು ಕಳೆದಿದ್ದಳು. ಅಷ್ಟು ಒಪ್ಪವಾದ ಕೆಲಸ, ಅಷ್ಟೂ ಸುಳ್ಳು. ಆ ದಪ್ಪ ಕಾಂಕ್ರೀಟು ಮೂವತ್ತೊಂದು ಹುಡುಗರಿಗೆ ಅಷ್ಟು ಬಾಗುವುದಿಲ್ಲ ಎಂದು ಎರಡನೇ ವರ್ಷದ ವಿದ್ಯಾರ್ಥಿಗೂ ಗೊತ್ತಾಗಬೇಕು. ಅವಳಿಗೆ ಗೊತ್ತಾಗದೆ ಇದ್ದದ್ದು ಏಕೆಂದರೆ ಬೇರೆ ಕಾರಣ ಇರಲು ಸಾಧ್ಯವೇ ಇರಲಿಲ್ಲ. ಬೀಗಕ್ಕೆ ಎರಡೇ ಕೀಲಿಕೈ. ಎರಡನೆಯದು ನನ್ನದು.

ಪ್ರೀತಿಯಿಂದ ಹೇಳಿದೆ ಎಂದು ಬರೆದರೆ ಚೆನ್ನಾಗಿರುತ್ತದೆ. ನನ್ನನ್ನು ತಳ್ಳಿದ್ದು ಪ್ರೀತಿಯಲ್ಲ. ಅಂಥ ಕೆಟ್ಟ ಭೌತವಿಜ್ಞಾನದ ಕೆಳಗೆ ನನ್ನ ಸಹಿ ಹಾಕಲು ಕೈ ಬರಲಿಲ್ಲ, ಅಷ್ಟೇ. ನಾನು ನೆಲಮಾಳಿಗೆಗೆ ಇಳಿದೆ. ಅವಳು ಹೊರಕೋಣೆಯಲ್ಲಿ ಕ್ಯಾಮೆರಾದ ಗಾಜು ಒರೆಸುತ್ತಿದ್ದಳು.

“ನೆಲ ಬಾಗಿಲ್ಲ,” ಎಂದೆ. “ಒಳಗೆ ಹೋಗ್ತಾ ಇದ್ದದ್ದು ನಾನು.”

ಅವಳು ನನ್ನನ್ನೇ ನೋಡಿದಳು. ಬೈಯುತ್ತಾಳೆ ಎಂದುಕೊಂಡೆ. ಬೈಯಲಿಲ್ಲ. ಮೇಜಿನ ಮೇಲಿದ್ದ ಪೆನ್ಸಿಲ್ ತೆಗೆದುಕೊಂಡಳು.

“ಯಾವ ಯಾವ ದಿನ?”

ಹೇಳಿದೆ.

“ಎಷ್ಟು ಹೊತ್ತು?”

“ಹತ್ತು ನಿಮಿಷ. ಒಂದೊಂದು ದಿನ ಹದಿನೈದು.”

“ಎಲ್ಲಿ ನಿಂತಿರ್ತಿದ್ರಿ? ಎಡಗಡೆನಾ ಬಲಗಡೆನಾ?”

“ಎಡಗಡೆ. ಗೂಡಿನ ಹತ್ತಿರ.”

“ಸ್ವೆಟರ್ ಹಾಕಿರ್ತಿದ್ರಾ?”

ಅವಳು ಎಲ್ಲವನ್ನೂ ಬರೆದುಕೊಂಡಳು. ಆಮೇಲೆ ಪೆನ್ಸಿಲ್ ಕೆಳಗಿಟ್ಟಳು.

“ಯಾಕೆ ಹೋಗ್ತಿದ್ರಿ?”

“ಅಂಕಿ ನೋಡೋಕೆ. ಹೊಟ್ಟೆಕಿಚ್ಚಿಗೆ.” ಆ ಮಾತು ಬಾಯಿಂದ ಇಷ್ಟು ಸುಲಭವಾಗಿ ಬರುತ್ತದೆ ಎಂದು ನನಗೆ ಗೊತ್ತಿರಲಿಲ್ಲ. “ತೂಕ ನನಗೆ ಗೊತ್ತಿತ್ತಲ್ಲ. ಉತ್ತರ ತೆಗೀತಿದ್ದೆ.”

“ಪ್ರತಿ ವಾರ?”

“ಪ್ರತಿ ವಾರ. ಅದು ಎಷ್ಟು...”

“ಹೇಳಬೇಡಿ,” ಎಂದು ಅವಳು ನನ್ನ ಬಾಯಿಗೆ ಅಡ್ಡ ಕೈ ಹಿಡಿದಳು. ಅವಳ ಬೆರಳಿನಲ್ಲಿ ಗಾಜು ಒರೆಸುವ ದ್ರಾವಣದ ವಾಸನೆಯಿತ್ತು. “ಒಂದಕ್ಷರ ಹೇಳಬೇಡಿ.”

ತಿದ್ದುಪಡಿಯನ್ನು ಹರಿದು ಹಾಕಿ ಮಿಕ್ಕ ಅಂಕಿಗಳನ್ನು ಇಟ್ಟುಕೊಳ್ಳಬಹುದಲ್ಲ ಎಂದೆ. ನಾನು ನಿಂತಿದ್ದ ಗಂಟೆಗಳನ್ನಷ್ಟೇ ಬಿಟ್ಟರಾಯಿತು. ಅವಳು ಆಗದು ಎಂದು ತಲೆಯಾಡಿಸಿದಳು.

“ಉತ್ತರ ಗೊತ್ತಿರೋರ ಎದುರಿಗೆ ಕೂತು ಐದು ತಿಂಗಳು ಊಟ ಮಾಡಿದೀನಿ. ನಿಮ್ಮ ಮುಖದಲ್ಲಿ ಏನೇನು ಓದಿಕೊಂಡಿದೀನೋ ನನಗೇ ಗೊತ್ತಿಲ್ಲ. ನೀವು ಸಿಡುಕಿದ ದಿನ ನನಗೆ ಯಾಕೋ ಧೈರ್ಯ ಬರ್ತಿತ್ತು. ಯಾಕೆ ಅಂತ ಈಗ ಅರ್ಥ ಆಗ್ತಾ ಇದೆ. ಇದೆಲ್ಲ ಹೋಯ್ತು. ಮೊದಲಿಂದ ಶುರು ಮಾಡಬೇಕು.”

ತಜ್ಞರಿಗೆ ಅವಳೇ ಪತ್ರ ಬರೆದಳು. ಲಕೋಟೆಯ ಗುಟ್ಟು ಉಳಿದಿಲ್ಲ, ಅಳತೆಗಳನ್ನು ಕೈಬಿಟ್ಟಿದ್ದೇನೆ ಎಂದಷ್ಟೇ ಇತ್ತು. ಯಾರಿಂದ ಎಂದು ಬರೆಯಲಿಲ್ಲ. ಮುಖ್ಯಸ್ಥರಿಗೂ ಹೇಳಲಿಲ್ಲ. ಮೊಗಸಾಲೆಯಲ್ಲಿ ಮಾತ್ರ, ಮೇಡಂ ಎಲ್ಲೋ ಎಡವಟ್ಟು ಮಾಡಿಕೊಂಡರಂತೆ ಎಂಬ ಸುದ್ದಿ ಹಬ್ಬಿತು. ನಾನು ಕೇಳಿಸಿಕೊಂಡೆ, ತಿದ್ದಲಿಲ್ಲ.

ಹೊಸ ಗುಂಡುಗಳು ಬಂದವು. ಈ ಸಲ ಎರಕ, ತೂಕ, ಲಕೋಟೆ ಎಲ್ಲವೂ ಮೇಸ್ತ್ರಿಯದೇ. ಎರಡನೇ ಕೀಲಿಕೈಯೂ ಅವನಿಗೇ. ಏಳನೇ ಇಯತ್ತೆ ಓದಿದ, ಮಾತಿಗೆ ಮೊದಲು ಎರಡು ಸಲ ಕೆಮ್ಮುವ ಆ ಮನುಷ್ಯನ ಮೇಲೆ ನನಗೆ ಹೊಟ್ಟೆಕಿಚ್ಚು ಬಂತೆಂದರೆ ನಗಬೇಡಿ. ಅವನು ಎದುರಿಗೆ ಬಂದಾಗಲೆಲ್ಲ ಅವನ ಹಣೆ ನೋಡುತ್ತಿದ್ದೆ, ಅಲ್ಲಿ ತೂಕ ಬರೆದಿದೆಯೇನೋ ಎಂಬಂತೆ.

“ಏನ್ ಸರ್ ಹಾಗೆ ನೋಡ್ತೀರಿ?” ಎಂದ ಒಂದು ದಿನ.

“ಏನಿಲ್ಲ ಮೇಸ್ತ್ರಿ. ನಿಂಗೆ ಆ ಸಂಖ್ಯೆ ನೆನಪಿದೆಯಾ?”

ಅವನು ಎರಡು ಸಲ ಕೆಮ್ಮಿದ. “ಅವತ್ತೇ ಮರೆತೆ ಸರ್. ಮೇಡಂ ಮರೀಬೇಕು ಅಂದಿದ್ರು.”

ಮನೆಯಲ್ಲಿ ಅವಳು ನನ್ನ ಜೊತೆ ಮಾತು ಬಿಡಲಿಲ್ಲ. ಬಿಟ್ಟಿದ್ದರೆ ನನಗೆ ಹಗುರವಾಗುತ್ತಿತ್ತು. ಅಮ್ಮನ ಮಾತ್ರೆ, ಗ್ಯಾಸು, ದೀಪದ ಬಿಲ್ಲು ಎಲ್ಲ ಮೊದಲಿನಂತೆಯೇ ಮಾತಾಡಿದಳು. ನೆಲಮಾಳಿಗೆಯ ಮಾತು ಮಾತ್ರ ಇಲ್ಲ. ಐದು ತಿಂಗಳು ಹೇಳದೆ ಬಚ್ಚಿಟ್ಟುಕೊಂಡ ಮಾತು ಒಂದಿತ್ತು. ನಿನ್ನ ಅಳತೆ ಚಿನ್ನದಂತಿತ್ತು ಕಣೇ, ನನ್ನ ಕೈಯಲ್ಲಿ ಎಂದೂ ಆಗದಂಥದ್ದು. ಅದನ್ನು ಹೇಳಿಬಿಡಬೇಕು ಎಂದು ಕೆಲವು ದಿನ ನಿಜಕ್ಕೂ ಅನ್ನಿಸುತ್ತಿತ್ತು. ಈಗ ಹೇಳುವಂತಿರಲಿಲ್ಲ. ಹೇಳಿದರೆ ಎರಡನೇ ಸಲದ ಅಳತೆಯೂ ಕೆಡುತ್ತಿತ್ತು.

ಹೊಸ ಪ್ರಯೋಗಾಲಯದ ಹುದ್ದೆಗೆ ಅರ್ಜಿ ಕರೆದರು. ನಾನು ಮೊದಲ ದಿನವೇ ಹಾಕಿದೆ. ಅವಳು ಹಾಕಿರಲಿಲ್ಲ. ಕೊನೆಯ ದಿನದ ಹಿಂದಿನ ಸಂಜೆ ಅವಳು ಅಡುಗೆಮನೆಯಲ್ಲಿ ಆಲೂಗಡ್ಡೆ ಸಿಪ್ಪೆ ಸುಲಿಯುತ್ತಿದ್ದಳು. ಅರ್ಜಿಯ ನಮೂನೆ ಪಕ್ಕದಲ್ಲೇ ಖಾಲಿ ಬಿದ್ದಿತ್ತು. ಅಮ್ಮ ಹೊರಗಿನ ಕೋಣೆಯಲ್ಲಿ ರೇಡಿಯೋ ಹಚ್ಚಿದ್ದಳು.

“ನನ್ನ ಅಳತೆ ಮೇಲೆ ನನಗೇ ನಂಬಿಕೆ ಹೋಗಿದೆ ರೀ,” ಎಂದಳು. ಕೈಯಲ್ಲಿದ್ದ ಆಲೂಗಡ್ಡೆಯಿಂದ ಕಣ್ಣೆತ್ತಲಿಲ್ಲ. “ಇಲ್ಲದ ಬಾಗನ್ನ ನೆಲದಲ್ಲಿ ಕಂಡು, ಅಷ್ಟು ಹುಡುಗರನ್ನ ತೂಗಿ, ಆ ‘ಭೂಮಿ’ ಹುಡುಗನ್ನ ನೋಯಿಸಿ, ಪುಟಗಟ್ಟಲೆ ಲೆಕ್ಕ ಬರೆದೆನಲ್ಲ. ಇದೇ ಥರ ಇನ್ನೂ ಎಷ್ಟು ಕಡೆ ಮಾಡಿದೀನೋ. ಇಂಥವಳು ಆ ಕುರ್ಚೀಲಿ ಕೂತು ಬೇರೆಯವರ ಅಳತೆ ತಿದ್ದಬೇಕಾ?”

ನಾನು ಸಿಪ್ಪೆಗಳನ್ನು ಒಂದು ಕಡೆ ಗುಡ್ಡೆ ಮಾಡಿದೆ.

“ಸಂಖ್ಯೆ ಬೇಡ,” ಎಂದಳು. “ಸರಿ ದಾರೀಲಿ ಇದ್ನಾ ಇಲ್ವಾ, ಅಷ್ಟು ಹೇಳಿ. ಹೂಂ ಅಂತ ಒಂದು ಮಾತು. ಉಹೂಂ ಆದ್ರೂ ಪರವಾಗಿಲ್ಲ.”

ಅವಳು ನನ್ನನ್ನು ಏನನ್ನಾದರೂ ಬೇಡಿದ್ದು ಅದೇ ಮೊದಲು. ಒಂದು ಹೂಂ. ಅದಕ್ಕೆ ಅವಳು ತನ್ನ ನಿಯಮವನ್ನೇ ಮುರಿಯಲು ಸಿದ್ಧಳಾಗಿದ್ದಳು. ಇನ್ನೊಂದು ಐದು ತಿಂಗಳು ಹಾಳಾದರೂ ಸರಿ ಎನ್ನುವಷ್ಟು ಸೋತಿದ್ದಳು.

“ನಿಯಮ ಮಾಡಿದ್ದು ನೀನೇ ಅಲ್ವಾ?” ಎಂದೆ.

ಅವಳ ಚಾಕು ಒಂದು ಗಳಿಗೆ ನಿಂತಿತು. “ಹೌದಲ್ವಾ,” ಎಂದಳು. “ಕೇಳಬಾರದಿತ್ತು. ನೀವು ಹೇಳಿದ್ದೇ ಸರಿ.”

ಮಾರನೇ ದಿನ ಆ ನಮೂನೆಯ ಹಿಂದುಗಡೆ ಅಮ್ಮನ ಮಾತ್ರೆಗಳ ಪಟ್ಟಿ ಬರೆದಿತ್ತು. ಹುದ್ದೆ ನನಗೆ ಬಂತು. ದೊಡ್ಡ ಕಿಟಕಿಯ ಕೋಣೆ, ತಿರುಗುವ ಕುರ್ಚಿ, ಬಾಗಿಲ ಮೇಲೆ ಹೆಸರು. ಅಭಿನಂದಿಸಲು ಮೊದಲು ಬಂದವಳು ಅವಳೇ. ನಿಯಮಕ್ಕಾಗಿ ಬಾಯಿ ಮುಚ್ಚಿದೆ, ಅದೇ ಸರಿ ಎಂದು ನಾನು ನನಗೆ ದಿನಕ್ಕೆರಡು ಸಲ ಹೇಳಿಕೊಳ್ಳುತ್ತಿದ್ದೆ. ಸರಿಯಾದ ಮಾತನ್ನು ಯಾರೂ ಅಷ್ಟು ಸಲ ಹೇಳಿಕೊಳ್ಳುವುದಿಲ್ಲ.

ಎರಡು ತಿಂಗಳ ನಂತರ ಲಕೋಟೆ ಒಡೆದರು. ಅದೇ ಮೂವರು ತಜ್ಞರು, ಮುಖ್ಯಸ್ಥರು, ಇಸ್ತ್ರಿ ಮಾಡಿದ ಅಂಗಿ ತೊಟ್ಟ ಮೇಸ್ತ್ರಿ, ಗೋಡೆಗೆ ಒರಗಿ ನಿಂತ ಹುಡುಗರು. ಅವಳು ತನ್ನ ಕೊನೆಯ ಅಂಕಿಯನ್ನು ಮೊದಲೇ ಬೋರ್ಡಿನ ಮೇಲೆ ಬರೆದು ಕೆಳಗೆ ಗೆರೆ ಎಳೆದಿದ್ದಳು. ತಜ್ಞರಲ್ಲಿ ಹಿರಿಯರು ಅರಗು ಮುರಿದು ತೂಕ ಓದಿದರು. ಅವಳು ಬೋರ್ಡಿನ ಮೇಲೆಯೇ ಭಾಗಿಸಿದಳು. ಒಂದೊಂದೇ ಅಂಕಿ ಬಿತ್ತು. ಆರು. ಬಿಂದು. ಆರು. ಏಳು. ಅಲ್ಲಿಗೆ ಹಿರಿಯರು ಎದ್ದು ನಿಂತರು. ಮುಂದಿನ ಅಂಕಿಯೂ ಪುಸ್ತಕದ್ದೇ ಬಿದ್ದಾಗ ಹಿಂದಿನಿಂದ ‘ಭೂಮಿ’ ಶಿಳ್ಳೆ ಹಾಕಿದ. ಮುಖ್ಯಸ್ಥರು ಬಾಯಿ ತೆರೆದವರು ಮುಚ್ಚಲಿಲ್ಲ. ಮೇಸ್ತ್ರಿ, “ನನ್ನ ಗುಂಡೇನಾ ಇದು?” ಎಂದು ಪಕ್ಕದವರನ್ನು ಕೇಳುತ್ತಿದ್ದ.

ಕೋಣೆಯ ತುಂಬ ಬೆರಗು. ಬೋರ್ಡಿಗೆ ಬೆನ್ನು ಮಾಡಿ ತಿರುಗಿದ ಅವಳು ಅಷ್ಟು ಮುಖಗಳಲ್ಲಿ ನನ್ನದನ್ನೇ ಹುಡುಕಿದಳು. ಸಂತೋಷ ಹಂಚಿಕೊಳ್ಳಲು ಹುಡುಕಿದ್ದು, ಅದು ನನಗೆ ಗೊತ್ತು. ಆದರೆ ಎಂಟು ತಿಂಗಳ ಹಿಂದೆಯೇ ನೋಡಿ ಮುಗಿಸಿದ್ದ ಸಂಖ್ಯೆಗೆ ಬೆರಗು ತೋರಿಸಬೇಕು ಎಂಬುದು ನನಗೆ ಹೊಳೆದೇ ಇರಲಿಲ್ಲ. ನನ್ನ ಮುಖ ಸುಮ್ಮನೆ ಇತ್ತು.

ಅವಳು ಅದನ್ನು ಓದಿದಳು. ಸಾವಧಾನವಾಗಿ, ನಾನು ಕಲಿಸಿದ ಹಾಗೆಯೇ, ಎರಡು ಸಲ ಓದಿದಳು. ಅವಳ ಮುಖದಲ್ಲಿದ್ದ ನಗು ಇಳಿಯಿತು. ಆಲೂಗಡ್ಡೆ ಸುಲಿಯುತ್ತಿದ್ದ ಆ ಸಂಜೆ ನನ್ನ ಬಾಯಲ್ಲಿ ಯಾವ ಮಾತಿತ್ತು ಎಂಬುದು ಅವಳಿಗೆ ಗೊತ್ತಾಯಿತು. ನಾನು ಅದನ್ನು ನಿಯಮಕ್ಕಾಗಿ ನುಂಗಿದೆನೋ ಕುರ್ಚಿಗಾಗಿ ನುಂಗಿದೆನೋ ಎಂದು ಅವಳು ಕೇಳಲಿಲ್ಲ, ಅವತ್ತೂ ಕೇಳಲಿಲ್ಲ, ಇವತ್ತಿಗೂ ಕೇಳಿಲ್ಲ. ಕೇಳಿದ್ದರೆ ನಿಯಮಕ್ಕಾಗಿ ಎನ್ನುತ್ತಿದ್ದೆ.

ಅವಳು ಕೈಗೆ ಹತ್ತಿದ್ದ ಸೀಮೆಸುಣ್ಣ ಕೊಡವಿಕೊಂಡು ಮೇಸ್ತ್ರಿಯ ಹತ್ತಿರ ಹೋಗಿ, ಅವನ ಎರಡೂ ಕೈ ಹಿಡಿದು ಏನೋ ಹೇಳಿದಳು. ನಾನು ನಿಂತಲ್ಲಿಂದ ಅದು ಕೇಳಿಸಲಿಲ್ಲ.